ಪೈಪಿನ ಬಣ್ಣದ ಹುಲಿ

ಕುವೈತಿನ ಮಂಗಫ್‌ನ ಒಂದು ಫ್ಲಾಟಿನಲ್ಲಿ ನಾವು ಐದು ಜನ ಊರಿನವರು. ಅಡುಗೆ ಮಾಡುತ್ತಿದ್ದವನು ಕಂಪನಿ ಮೆಸ್ಸಿನ ಕುಕ್ಕು, ಬಾಯಿಸತ್ತ ಮನುಷ್ಯ. ಚಿಕ್ಕಂದಿನಲ್ಲಿ ಅವನಿಗೆ ಕಾಯಿಲೆಯಾದಾಗ ತಾಯಿ ಹರಕೆ ಹೊತ್ತಿದ್ದಳಂತೆ, ಮಗ ಬದುಕಿದರೆ ಪ್ರತಿ ನವರಾತ್ರಿಗೂ ಹುಲಿವೇಷ ಹಾಕುತ್ತಾನೆ ಎಂದು. ಕುವೈತಿಗೆ ಬಂದಮೇಲೂ ಅವನು ತಪ್ಪಿಸಿರಲಿಲ್ಲ. ಬಾಗಿಲು ಹಾಕಿಕೊಂಡು ಮೈಗೆ ಬಣ್ಣ ಬಳಿದುಕೊಳ್ಳುತ್ತಿದ್ದ. ನಾವು ತಟ್ಟೆ, ಡಬ್ಬ ಬಡಿಯುತ್ತಿದ್ದೆವು. ಹತ್ತು ನಿಮಿಷ ಕುಣಿದು ಸ್ನಾನಕ್ಕೆ ಹೋಗುತ್ತಿದ್ದ.

ಇರಾಕಿನ ಸೈನ್ಯ ಬಂದು ಕೂತ ವರ್ಷ, ಹಣೆಗೊಂದು ಪಟ್ಟೆ ಎಳೆದು ಮುಗಿಸುತ್ತೇನೆ, ದೇವಿ ಒಪ್ಪಿಕೊಳ್ಳುತ್ತಾಳೆ ಎಂದ. ಕೆಲಸವಿಲ್ಲದೆ ವಾರಗಟ್ಟಲೆ ಕೂತು ನಮಗೆ ತಲೆ ಕೆಟ್ಟಿತ್ತು. ಆ ಬೇಜಾರಿಗೆ ಸಿಕ್ಕಿದ್ದು ಅವನೇ. ಹೆದರುಪುಕ್ಕಲ ಎಂದು ಎಲ್ಲರಿಗಿಂತ ಹೆಚ್ಚು ಛೇಡಿಸಿದವನು ನಾನು. ಬಣ್ಣವಿಲ್ಲ ಎಂದು ಅವನು ನೆಪ ಹೇಳಿದಾಗ, ರಿಫೈನರಿಯ ಪೈಪುಗಳಿಗೆ ಬಳಿಯುವ ಹಳದಿ, ಕಪ್ಪು ಡಬ್ಬಗಳನ್ನು ನನ್ನ ಮಂಚದಡಿಯಿಂದ ಎಳೆದೆ. ನಾನು ಅಲ್ಲಿ ಪೇಂಟರ್. ಬಿಸಿಲಿಗೂ ಉಪ್ಪುಗಾಳಿಗೂ ಜಗ್ಗದ ಬಣ್ಣ ಅದು ಎಂದು ನನಗಲ್ಲದೆ ಇನ್ಯಾರಿಗೆ ಗೊತ್ತಿತ್ತು? ಸೀಮೆಎಣ್ಣೆ ಹಚ್ಚಿದರೆ ಒಂದೇ ಗಳಿಗೆಯಲ್ಲಿ ಹೋಗುತ್ತದೆ ಎಂದು ಸುಳ್ಳು ಹೇಳಿ ಮುಖದಿಂದ ಪಾದದವರೆಗೆ ಬಳಿದೆ. ಕೆಟ್ಟ ಖುಷಿಯಾಗಿತ್ತು ನನಗೆ.

ಮರುದಿನ ಬೆಳಿಗ್ಗೆ, ಊರಿಗೆ ಮರಳುವವರನ್ನು ಕರೆದುಕೊಂಡು ಬಾಗ್ದಾದಿಗೆ ಬಸ್ಸು ಹೊರಡುತ್ತಿದೆ, ಐದು ಸೀಟು ಇದೆ ಎಂಬ ಸುದ್ದಿ ಬಂತು. ಎಣ್ಣೆಯ ದೇಶದಲ್ಲಿ ಒಂದು ಬಾಟಲಿ ಸೀಮೆಎಣ್ಣೆ ಸಿಗಲಿಲ್ಲ. ತೆಂಗಿನ ನಾರು, ಸೋಪು ಹಾಕಿ ತಿಕ್ಕಿದೆವು. ಕೆನ್ನೆಯ ಚರ್ಮ ಕಿತ್ತು ರಕ್ತ ಬಂತು, ಹಳದಿ ಹೋಗಲಿಲ್ಲ. ಹಾಗೆಯೇ ಅವನನ್ನು ಹತ್ತಿಸಿಕೊಂಡು ಕೂತೆವು.

ಬಸ್ಸಿನಲ್ಲಿ ಹೆಂಗಸರು, ಮಕ್ಕಳಿದ್ದರು. ದಾರಿಯುದ್ದಕ್ಕೂ ಚೆಕ್‌ಪೋಸ್ಟು. ಈ ಮುಖ ಕಂಡರೆ ಸೈನಿಕರು ಎಲ್ಲರನ್ನೂ ಇಳಿಸುತ್ತಾರೆಂದು ಬಸ್ಸು ಹೊರಡುವ ಮೊದಲೇ ಗೊಣಗಾಟ ಶುರುವಾಯಿತು. ಅವನೆದುರು ಬಾಯಿಬಿಟ್ಟು ಹೇಳಲು ಯಾರಿಗೂ ಮನಸ್ಸಿರಲಿಲ್ಲ. ಹೇಳಿದವನು ನಾನು.

"ನೀನು ಇಳಿ ಮಾರಾಯ. ಬಣ್ಣ ಹೋದ ಮೇಲೆ ಬೇರೆ ಬಸ್ಸಿಗೆ ಬಾ."

ಅವನು ಜಗಳ ಮಾಡಲಿಲ್ಲ. ಬಣ್ಣ ಬಳಿದವನು ನೀನಲ್ಲವಾ ಎಂದೂ ಕೇಳಲಿಲ್ಲ. ಇಳಿದು ಕಿಟಕಿಯ ಹತ್ತಿರ ಬಂದ.

"ಅಮ್ಮನಿಗೆ ಹರಕೆ ಆಯ್ತು ಅಂತ ಹೇಳು."

ಊರು ಮುಟ್ಟಿ ತಿಂಗಳಾದ ಮೇಲೆ ಅವನ ಮನೆಗೆ ಹೋದೆ. ಅವನ ಸುದ್ದಿ ಅಲ್ಲಿಗೂ ಬಂದಿರಲಿಲ್ಲ. ಮುಂದಿನ ಬಸ್ಸಿನಲ್ಲಿ ಬರುತ್ತಾನೆ ಎಂದೆ. ಹರಕೆ ಆಯಿತೆಂದಾಗ ಅವನ ತಾಯಿ ದೇವರ ಪಟಕ್ಕೆ ಕೈಮುಗಿದಳು. ನನಗೆ ಚಾ ತಂದಿಟ್ಟು ಪಕ್ಕದಲ್ಲಿ ಕೂತಳು.

"ಬಣ್ಣ ಚಂದ ಕೂತಿತ್ತಾ ಮಗಾ?"

ಚಂದ ಕೂತಿತ್ತು ಎಂದೆ. ಚಾ ಪೂರ್ತಿ ಕುಡಿದೇ ಎದ್ದೆ.