ಟೀಚರಿಗೆ ಅಂಟಿದ ಕೆಮ್ಮು

ಮೊನ್ನೆ ಉಪ್ಪಳ ಪೇಟೆಯ ಹಿಂದಿನ ಓಣಿಯಲ್ಲಿ ನಡೆಯುವಾಗ ಯಾರದೋ ಅಡುಗೆಮನೆಯಿಂದ ತೆಂಗಿನೆಣ್ಣೆಯಲ್ಲಿ ಬೆಳ್ಳುಳ್ಳಿ ಕಾಯಿಸುವ ವಾಸನೆ ಬಂತು. ಒಗ್ಗರಣೆಯದ್ದಲ್ಲ, ಕಿವಿಗೆ ಬಿಡುವ ಎಣ್ಣೆಯದ್ದು. ಕಾಲು ತಾನಾಗಿ ನಿಂತಿತು. ನಾನು ಟೀಚರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ವರ್ಷಗಳಲ್ಲಿ ಪ್ರತಿ ಸಂಜೆ ಇದೇ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು...

ಶಾಲೆಯಿಂದ ನಿವೃತ್ತರಾದ ಮೇಲೆ ಅವರಿಗೆ ಹೊಸ ಕೆಲಸವೊಂದು ಸಿಕ್ಕಿತ್ತು. ತುಳು, ಬ್ಯಾರಿ, ಕೊಂಕಣಿ, ಮಲಯಾಳ ಬಲ್ಲವರು ನಮ್ಮಲ್ಲಿ ಬೇಕಾದಷ್ಟು ಜನ. ಕೇಳಿದ್ದನ್ನು ತಪ್ಪಿಲ್ಲದ ಇಂಗ್ಲಿಷಿನಲ್ಲಿ ಬರೆದುಕೊಡುವವರು ಕಡಿಮೆ. ಬೆಳಗಿನ ರೈಲು ಹಿಡಿದು ಬೋರ್ಡಿಲ್ಲದ ಒಂದು ಸರಕಾರಿ ಕಚೇರಿಗೆ ಹೋಗಿ, ದಿನವಿಡೀ ಹೆಡ್‌ಫೋನು ಹಾಕಿಕೊಂಡು, ಯಾರು ಯಾರೋ ಮಾತಾಡಿದ್ದನ್ನು ಕೇಳಿ ಬರೆಯುವುದು. ಕಿವಿ ನೋವು ಅದರಿಂದಲೇ. ಯಾರ ಮಾತು, ಎಂಥ ಮಾತು ಎಂದು ಕೇಳಿದರೆ, ದೇಶದ ಸುರಕ್ಷತೆಯ ವಿಷಯ, ಯಾರಲ್ಲೂ ಹೇಳುವುದಿಲ್ಲವೆಂದು ಸಹಿ ಹಾಕಿದ್ದೇನೆ ಎಂದಷ್ಟೇ ಹೇಳಿದ್ದರು. ನಾನೂ ಕೆದಕಲಿಲ್ಲ.

ಆದರೆ ಕೇಳಿದ್ದು ಅವರ ಬಾಯಿಗೆ ಅಂಟಿಕೊಳ್ಳುತ್ತಿತ್ತು. ಒಂದು ವಾರ ಯಾವುದೋ ಮುದುಕನ ಹಾಗೆ ಮಾತಿನ ಕೊನೆಗೆಲ್ಲ ಗಂಟಲು ಕೆರೆಯುವರು. ಇನ್ನೊಂದು ವಾರ ಹದಿಹರೆಯದ ಹುಡುಗಿಯ ಹಾಗೆ ಎಳೆದೆಳೆದು ಬೆಕ್ಕನ್ನು ಕರೆಯುವರು. ಅವರಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಇವತ್ತು ಯಾರು ಬಂದಿದ್ದಾರೆ ಟೀಚರೇ ಎಂದು ಮೊದಮೊದಲು ತಮಾಷೆ ಮಾಡುತ್ತಿದ್ದೆ. ಒಂದು ಸಂಜೆ ಕೆಳಗೆ ಇಬ್ಬರು ಗಂಡಸರು ಮಾತಾಡುತ್ತಿದ್ದಾರೆ ಅನ್ನಿಸಿ ಇಳಿದು ನೋಡಿದರೆ, ಟೀಚರೊಬ್ಬರೇ ಕೂತು ಬಟ್ಟೆ ಮಡಚುತ್ತಿದ್ದರು. ಆಮೇಲೆ ತಮಾಷೆ ಬಿಟ್ಟೆ.

ಪಕ್ಕದ ಮನೆಯಲ್ಲಿ ಒಬ್ಬ ತಾಯಿ ಇದ್ದರು. ಗಲ್ಫಿನಿಂದ ರಜೆಗೆ ಬಂದ ಅವರ ಮಗನನ್ನು ವಿಮಾನ ನಿಲ್ದಾಣದಲ್ಲೇ ಯಾರೋ ಕರೆದುಕೊಂಡು ಹೋಗಿದ್ದರು. ಜೊತೆಗೆ ಬಂದವರು ಕಣ್ಣಾರೆ ಕಂಡಿದ್ದರು. ಎಲ್ಲಿ ವಿಚಾರಿಸಿದರೂ ಅಂಥವನು ನಮ್ಮಲ್ಲಿಲ್ಲ ಎಂಬ ಉತ್ತರ. ಬದುಕಿದ್ದಾನೋ ಇಲ್ಲವೋ, ಅಷ್ಟು ತಿಳಿದರೆ ಸಾಕು ಎನ್ನುತ್ತಿದ್ದರು ಆ ತಾಯಿ. ಅವರ ಪರವಾಗಿ ಹೈಕೋರ್ಟಿನಲ್ಲಿ ಅರ್ಜಿ ಹಾಕಿದ ವಕೀಲೆ ನಾನೇ. ದೇಶದ ಸುರಕ್ಷತೆಗಾಗಿ ಸರಕಾರ ನಮ್ಮ ಮಾತಿಗೆ, ಓಡಾಟಕ್ಕೆ ಕಡಿವಾಣ ಹಾಕಬಹುದು. ಆದರೆ ಒಬ್ಬನನ್ನು ಹಿಡಿದಿಟ್ಟು, ಹಿಡಿದೇ ಇಲ್ಲ ಎನ್ನುವುದನ್ನು ಅಂತಾರಾಷ್ಟ್ರೀಯ ಕಾನೂನು ಯುದ್ಧಕಾಲದಲ್ಲೂ ಒಪ್ಪುವುದಿಲ್ಲ. ಹಾಗೆನ್ನುವ ಒಪ್ಪಂದಕ್ಕೆ ನಮ್ಮ ದೇಶ ಸಹಿಯನ್ನೇನೋ ಹಾಕಿದೆ, ಅನುಮೋದನೆ ಕೊಟ್ಟಿಲ್ಲ.

ಒಂದು ಮಧ್ಯಾಹ್ನ ಆ ತಾಯಿ ಟೀಚರಿಗೆ ಹಲಸಿನ ಹಪ್ಪಳ ತಂದಿದ್ದರು. ನಾನೂ ಅಲ್ಲಿದ್ದೆ. ಏನೋ ಹೇಳುತ್ತಿದ್ದ ಟೀಚರ್ ನಡುವೆ ಮೂಗಿನಲ್ಲೇ ಸಣ್ಣಗೆ ನಕ್ಕು, ಉಸಿರೆಳೆದುಕೊಂಡು, ಒಣಗಿದ ಕೆಮ್ಮೊಂದನ್ನು ಕೆಮ್ಮಿದರು. ತಾಯಿ ಹಾಗೇ ಅವರನ್ನು ನೋಡಿದರು. ಟೀಚರ್ ಆ ಮನೆಗೆ ಬರುವ ಮೊದಲೇ ಮಗ ಗಲ್ಫಿಗೆ ಹೋಗಿದ್ದ. ಅವನನ್ನು ಅವರು ಒಮ್ಮೆಯೂ ಕಂಡವರಲ್ಲ.

"ನಗು ಅವನದ್ದೇ," ಎಂದರು ತಾಯಿ, ತುಂಬ ಮೆಲ್ಲಗೆ. "ಈ ಕೆಮ್ಮು ಅವನಿಗೆ ಇರಲಿಲ್ಲ. ಯಾವಾಗಿಂದ ಉಂಟು ಟೀಚರೇ?"

ಟೀಚರ್ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದವರು ಹೊರಗೆ ಬರಲಿಲ್ಲ. ತಾಯಿ ಅಳಲಿಲ್ಲ. ಬದುಕಿದ್ದಾನೆ ಎಂದು ನನ್ನಲ್ಲಿ ಹೇಳಿ, ಹಪ್ಪಳದ ಡಬ್ಬಿಯನ್ನು ಅಲ್ಲೇ ಬಿಟ್ಟು ಹೋದರು.

ಆ ಸಂಜೆ ನಾನು ಟೀಚರನ್ನು ಸಾಕ್ಷಿ ಹೇಳುವಂತೆ ಕೇಳಿದೆ, ಬೇಡಿಕೊಂಡೆ ಎಂದರೂ ಸರಿ. ಅವರು ಒಪ್ಪಲಿಲ್ಲ. ಹೆಡ್‌ಫೋನಿನಲ್ಲಿ ತಾನು ಕೇಳಿದ್ದರಲ್ಲಿ ನಿಜಕ್ಕೂ ಹೆದರಬೇಕಾದ್ದು ಇತ್ತು, ಮೊದಲೇ ತಿಳಿದದ್ದರಿಂದ ಎಷ್ಟೋ ಜನ ಉಳಿದಿದ್ದಾರೆ, ಕೊಟ್ಟ ಮಾತು ಮುರಿಯಲಾರೆ ಎಂದರು. ನನಗೆ ಸಿಟ್ಟು ಬಂತು. ಎದ್ದು ಹೊರಟಾಗ ಅವರೇ ಕರೆದರು.

"ಅರ್ಜಿಯಲ್ಲಿ ಒಂದು ಸಾಲು ಸೇರಿಸು ಮಾರಾಯ್ತಿ. ಅವನನ್ನು ಡಾಕ್ಟರಿಗೆ ತೋರಿಸಲಿ ಅಂತ."

ಸೇರಿಸಿದೆ. ನಮ್ಮಲ್ಲಿ ಇಲ್ಲದವನಿಗೆ ಎಂಥ ಡಾಕ್ಟರು ಎಂದು ಸರಕಾರದ ವಕೀಲರು ನಕ್ಕರು. ಮುಂದಿನ ವಾರಗಳಲ್ಲಿ ಟೀಚರ ಕೆಮ್ಮು ಜೋರಾಗುತ್ತಾ ಹೋಯಿತು. ತಾಯಿ ದಿನಾ ಸಂಜೆ ಬಂದು ಜಗಲಿಯಲ್ಲಿ ಕೂರುತ್ತಿದ್ದರು. ಇಬ್ಬರೂ ಮಗನ ಸುದ್ದಿ ಎತ್ತುತ್ತಿರಲಿಲ್ಲ. ಅಕ್ಕಿಯ ರೇಟು, ಮೀನಿನ ರೇಟು, ನಡುವೆ ಆ ಕೆಮ್ಮು. ಮಹಡಿಯಲ್ಲಿ ಕೂತು ಕೇಳುವಾಗ ನನಗೆ ಕೆಳಗೆ ಮೂರು ಜನ ಇದ್ದ ಹಾಗೆ ಅನಿಸುತ್ತಿತ್ತು.

ಆಮೇಲೊಂದು ದಿನ ಕೆಮ್ಮು ನಿಂತಿತು. ನಗುವೂ ಹೋಯಿತು. ಟೀಚರ್ ತಮ್ಮ ಹಾಗೆಯೇ ಮಾತಾಡಿದರು. ಅವನಿಗೆ ಗುಣವಾಯಿತೋ, ಬೇರೆಲ್ಲಿಗಾದರೂ ಸಾಗಿಸಿದರೋ, ಅಥವಾ... ತಾಯಿ ಕೇಳಲಿಲ್ಲ, ಟೀಚರ್ ಹೇಳಲಿಲ್ಲ. ಸ್ವಲ್ಪ ದಿನದಲ್ಲೇ ಅವರು ಆ ಕೆಲಸ ಬಿಟ್ಟರು. ಕಳೆದ ಮಳೆಗಾಲದಲ್ಲಿ ತೀರಿಹೋದರು. ಅವರ ಮೇಲಿನ ಸಿಟ್ಟು ನನಗಿನ್ನೂ ಪೂರ್ತಿ ಇಳಿದಿಲ್ಲ, ಆದರೂ ಅವರಿಲ್ಲದ್ದು ನೋಯುತ್ತದೆ.

ಅರ್ಜಿ ಇನ್ನೂ ನಡೆಯುತ್ತಿದೆ. ನಿನ್ನೆ, ಮತ್ತೆ ಮುಂದೂಡಿದ್ದಾರೆ ಎಂದು ಹೇಳಲು ಆ ತಾಯಿಯ ಮನೆಗೆ ಹೋಗಿದ್ದೆ. ಅವರು ಮುಂದಿನ ತಾರೀಕು ಕೇಳಲಿಲ್ಲ. ನನ್ನನ್ನು ಎದುರಿಗೆ ಕೂರಿಸಿ ಕಣ್ಣು ಮುಚ್ಚಿಕೊಂಡರು.

"ಎಂತಾದರೂ ಮಾತಾಡು ಮಗಾ. ಟೀಚರ ಒಟ್ಟಿಗೆ ಅಷ್ಟು ಕಾಲ ಇದ್ದವಳು. ಅವನದ್ದು ನಿನಗೂ ಸ್ವಲ್ಪ ಅಂಟಿರಬಹುದು."

ಕೋರ್ಟಿನ ಸುದ್ದಿ, ಬಸ್ಸಿನ ಸುದ್ದಿ, ಬಾಯಿಗೆ ಬಂದದ್ದೆಲ್ಲ ಮಾತಾಡಿದೆ. ಅವತ್ತು ಟೀಚರ್ ನಕ್ಕ ಹಾಗೆ ಮೂಗಿನಲ್ಲೇ ನಗಲಿಕ್ಕೂ ನೋಡಿದೆ. ಬಹಳ ಹೊತ್ತು ಕೇಳಿದ ಮೇಲೆ ಅವರು ಕಣ್ಣು ತೆರೆದು, ಸಾಕು, ಚಾ ಕುಡಿದು ಹೋಗು ಎಂದರು.