ಬುಟ್ಟಾ ಸೀರೆಯ ಆಮೆ, ಅಂಚು ಪಂಚೆಯ ಆಮೆ

ಮೊದಲ ಆಮೆ ನಮ್ಮ ಮನೆಗೆ ಬಂದಾಗ ನಾನು ಬಾಗಿಲಿಗೆ ಅಡ್ಡ ನಿಂತುಬಿಟ್ಟೆ. ಅರವತ್ತರ ದಶಕದ ಮೊದಲ ವರ್ಷಗಳು; ಆಮೆ ಸಾಕಬಾರದು ಎನ್ನುವವರು ಆಗ ಯಾರೂ ಇರಲಿಲ್ಲ. ನನ್ನ ಯಜಮಾನರು ಶಾಗ್ಯದ ನಂಟರ ಹೊಲಕ್ಕೆ ಹೋಗಿದ್ದರು. ಬೇಲಿ ಸವರುವಾಗ ಸಿಕ್ಕಿದ ಆಮೆಯನ್ನು ಟವೆಲಿನಲ್ಲಿ ಸುತ್ತಿ, ಹನೂರಿಗೆ ಬಂದು, ಅಲ್ಲಿಂದ ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ತಂದಿದ್ದರು. ಉಬ್ಬಿದ ಕಪ್ಪು ಬೆನ್ನು, ಅದರ ತುಂಬ ಹಳದಿ ನಕ್ಷತ್ರ. ನೋಡಲು ಚೆನ್ನಾಗಿಯೇ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ನನ್ನ ತವರು ಗಡಿಯ ಪಾಲಾರ್ ಕಡೆ. ನಾವು ಅರ್ಧ ತಮಿಳು ಅರ್ಧ ಕನ್ನಡ ಮಾತಾಡುವ ಜನ. ಆಮೆ ಹೊಸ್ತಿಲು ದಾಟಿ ಒಳಗೆ ಬಂದರೆ ಆ ಮನೆ ಉದ್ಧಾರವಾಗುವುದಿಲ್ಲ ಎಂದು ನಂಬಿ ಬೆಳೆದವರು.

"ಯಾನಮ್ಮಿ, ಗಂಡನ್ನೇ ಒಳಕ್ಕೆ ಬುಡಕಿಲ್ವಾ?" ಎಂದು ಅತ್ತೆ ಒಳಗಿನಿಂದ ಕೂಗಿದರು.

"ಅವ್ರು ಬರ್ಲಿ ಅತ್ತೆ. ಕಂಕುಳಲ್ಲಿ ಇರದು ಬ್ಯಾಡ."

ಅತ್ತೆ ಬಂದು ಟವೆಲು ಬಿಡಿಸಿ ನೋಡಿದವರೇ ಕೈಮುಗಿದರು. "ಕೂರ್ಮಾವತಾರ ಕಣಮ್ಮಿ ಇದು! ದೇವ್ರು ತಾನಾಗೇ ಬಾಗ್ಲುಗೆ ಬಂದದ."

ಪಾಲಾರಿನಲ್ಲಿ ದರಿದ್ರವಾಗಿದ್ದದ್ದು ಕೊಳ್ಳೇಗಾಲದಲ್ಲಿ ಬಸ್ಸಿಳಿದ ಕೂಡಲೇ ದೇವರಾಗುವುದು ಹೇಗೆ? ಕೊನೆಗೆ ನಾನೇ ಒಂದು ರಾಜಿ ಮಾಡಿದೆ. ಮನೆಯೊಳಗೆ ಬೇಡ, ಪಕ್ಕದ ಸಂದಿಯಿಂದ ಹಿತ್ತಲಿಗೆ ಹೋಗಲಿ ಎಂದೆ. ಹಾಗೇ ಆಯಿತು.

ಅತ್ತೆ ಕೈಮುಗಿದದ್ದಕ್ಕೆ ಬೇರೊಂದು ಕಾರಣವೂ ಇತ್ತು. ಮದುವೆಯಾಗಿ ವರ್ಷಗಳು ಕಳೆದರೂ ನನ್ನ ಹೊಟ್ಟೆಯಲ್ಲಿ ಒಂದು ಕೂಸು ನಿಂತಿರಲಿಲ್ಲ. ಯಳಂದೂರಿನಲ್ಲಿ ಅತ್ತೆಯ ತಮ್ಮ ಇದ್ದರು, ಅವರಿಗೆ ಮದುವೆಗೆ ಬಂದ ಮಗಳಿದ್ದಳು. ಆ ಮಾವನೇ ಒಮ್ಮೆ ಬಂದಾಗ, ಆಮೆ ಜೋಡಿ ಸಾಕಿದ ಮನೆಯಲ್ಲಿ ಆಮೆ ಮೊಟ್ಟೆಯಿಟ್ಟರೆ ತೊಟ್ಟಿಲು ತೂಗುತ್ತದೆ ಎಂದು ಹೇಳಿಹೋಗಿದ್ದರು. ಈಗ ಅತ್ತೆ ಅದಕ್ಕೊಂದು ಗಡುವು ಸೇರಿಸಿದರು. ಕಂಡಿಗೆಗೆ ನೂಲು ಸುತ್ತುತ್ತಾ, ಸಿಟ್ಟಿಲ್ಲದೆ, ಸಂತೆಗೆ ಹೋಗುವ ಮಾತು ಆಡಿದಷ್ಟೇ ಸಲೀಸಾಗಿ ಹೇಳಿದರು.

"ಇದ್ಕೊಂದು ಜೊತೆ ತರಾನ. ದೀಪಾವಳಿ ಗಂಟ ನೋಡ್ತೀನಿ. ಮೊಟ್ಟೆ ಇಕ್ಕುದ್ರೆ ಸರಿ. ಇಲ್ದೋದ್ರೆ ತಮ್ಮನ ಮಗಳ್ನ ತಂದ್ಕತೀನಿ ಕಣಮ್ಮಿ. ನೀನೂ ಇರು, ಅವ್ಳೂ ಇರ್ಲಿ."

ನಾನು ಯಜಮಾನರ ಮುಖ ನೋಡಿದೆ. ಅವರು ಗುಂಡಿ ಮಗ್ಗದೊಳಗೆ ಕಾಲಿಳಿಬಿಟ್ಟು ಲಾಳಿ ಎಸೆಯುತ್ತಲೇ ಇದ್ದರು. ಅವರಿಗೆ ಉತ್ತರ ಕೊಡಲು ಮನಸ್ಸಿಲ್ಲದಾಗೆಲ್ಲ ಲಾಳಿಯ ಸದ್ದು ಜೋರಾಗುತ್ತಿತ್ತು. ಆ ಮಧ್ಯಾಹ್ನ ಬಲು ಜೋರಾಗಿತ್ತು.

ಯಳಂದೂರಿನ ಮಾವ ನೆನೆದ ಗೋಣಿಚೀಲ ಹೊತ್ತು ತಂದರು. ಕೆರೆಯಲ್ಲಿ ಬಲೆಗೆ ಬಿದ್ದವು, ಬೇಕಾದದ್ದು ಆರಿಸಿಕೊಳ್ಳಿ ಎಂದರು. ತನ್ನ ಮಗಳು ಬರಬೇಕೆಂದಿದ್ದರೆ ನನ್ನ ಪಾಲಿನ ಆಮೆಯನ್ನು ಈ ಮನುಷ್ಯ ಯಾಕೆ ಹೊತ್ತು ತರುತ್ತಾನೆ, ಬರಬಾರದೆಂದಿದ್ದರೆ ಅತ್ತೆ ಅವಳ ಹೆಸರೆತ್ತಿದಾಗ ಯಾಕೆ ಸುಮ್ಮನಿರುತ್ತಾನೆ ಎಂದು ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಏನೂ ಹೊಳೆಯಲಿಲ್ಲ. ಇವತ್ತಿಗೂ ಹೊಳೆದಿಲ್ಲ.

ಚೀಲದಿಂದ ಮೊದಲು ಬಂದದ್ದು ಚಪ್ಪಟೆಯಾದ, ಬೆನ್ನು ನುಣ್ಣಗಿದ್ದ ಒಂದು ಪ್ರಾಣಿ. "ಅದು ಪಾಲಾಮೆ ಮಾವ, ಕಚ್ತದ" ಎಂದೆ. ನಮ್ಮ ಕಡೆ ಅದನ್ನು ಹಾಗೇ ಕರೆಯುವುದು. ಮಾವ ನಕ್ಕು ಅದನ್ನು ಸವರಲು ಹೋದರು, ಅದು ಅವರ ಬೆರಳು ಹಿಡಿಯಿತು. ಅತ್ತೆ ಅರಿಸಿನ ತರಲು ಓಡಿದರು. ನನಗೆ ಖುಷಿಯಾಯಿತು, ಯಾಕೆ ಸುಳ್ಳು ಹೇಳಲಿ.

ಉಳಿದವು ಎರಡು ಕರಿ ಆಮೆಗಳು, ಒಂದು ಸಣ್ಣದು, ಒಂದು ದೊಡ್ಡದು. ನಮ್ಮ ಬೀದಿಯಲ್ಲಿ ಯಾವ ಒಡಲಿಗೆ ಯಾವ ಅಂಚು ಒಪ್ಪುತ್ತದೆ ಎಂದು ಕೇಳಲು ನೇಕಾರರು ಅತ್ತೆಯ ಹತ್ತಿರ ಬರುತ್ತಿದ್ದರು. ಅತ್ತೆ ಇಲ್ಲಿಯೂ ಅದೇ ಕಣ್ಣಿನಿಂದ ನೋಡಿದರು. ನಕ್ಷತ್ರದ ಆಮೆಯ ಪಕ್ಕ ಒಂದೊಂದನ್ನೇ ಇಟ್ಟು, ಹಿಂದೆ ಸರಿದು, ತಲೆ ವಾಲಿಸಿ ನೋಡಿ, ದೊಡ್ಡದನ್ನು ಆರಿಸಿದರು. ಅದರ ಬೆನ್ನು ಪೂರಾ ಕಪ್ಪು, ಚಿಪ್ಪಿನ ಸುತ್ತ ತೆಳುವಾಗಿ ಒಂದು ಹಳದಿ ಗೆರೆ.

"ಬುಟ್ಟಾ ಸೀರೆ ಉಟ್ಟಿರದು ಎಣ್ಣು. ಅಂಚು ಪಂಚೆ ಉಟ್ಟಿರದು ಗಂಡು. ಇದ್ರಲ್ಲಿ ಯಾನ ಕೇಳದು?" ಎಂದರು.

"ಕೋಳೀಲಿ ಉಂಜಕ್ಕಲ್ವಾ ಅತ್ತೆ ಬಣ್ಣ ಇರದು?" ಎಂದೆ.

"ಅದು ಕೋಳಿ ಕಣಮ್ಮಿ!"

ನೋಡಲು ಬಂದಿದ್ದ ಬೀದಿಯವರೆಲ್ಲ ತಲೆಯಾಡಿಸಿದರು. ಹುಟ್ಟಿದಾಗಿನಿಂದ ಹೆಂಗಸರಿಗೆ ಬುಟ್ಟಾ, ಗಂಡಸರಿಗೆ ಬರೀ ಅಂಚು ಎಂದು ನೇಯ್ದವರು ಅವರು. ಬೇರೆ ಊರಿನಲ್ಲಾಗಿದ್ದರೆ ಯಾರಾದರೂ ಆಮೆಯನ್ನು ತಿರುಗಿಸಿ ಹೊಟ್ಟೆಯ ಕಡೆ ನೋಡುತ್ತಿದ್ದರೋ ಏನೋ. ನಾವು ಬೆನ್ನು ನೋಡಿ ಮದುವೆ ಮಾಡಿದೆವು. ಅತ್ತೆ ಎರಡಕ್ಕೂ ಕುಂಕುಮ ಇಟ್ಟರು.

ಅವಕ್ಕೆ ಮನೆ ಎಂದರೆ ಹಿತ್ತಲಿನಲ್ಲಿ ನೆಲಕ್ಕೆ ಹೂತಿದ್ದ, ಬಣ್ಣ ಅದ್ದುವುದನ್ನು ಬಿಟ್ಟಿದ್ದ ಹಳೇ ತೊಟ್ಟಿ. ಅಲ್ಲಿಂದ ಶುರುವಾಯಿತು ನನ್ನ ಫಜೀತಿ. ತೊಟ್ಟಿಗೆ ನೀರು ಬಿಟ್ಟರೆ ಕರಿ ಆಮೆ, ನಮ್ಮ ಕರಿಯ, ಕುಣಿದಾಡುತ್ತಿದ್ದ, ಬುಟ್ಟಾದವಳು ಗೋಡೆ ಕೆರೆಯುತ್ತಾ ಮುಳುಗುತ್ತಿದ್ದಳು. ನೀರು ತೆಗೆದರೆ ಅವಳು ಬಿಸಿಲು ಕಾಯುತ್ತಿದ್ದಳು, ಅವನು ಒಣಗಿ ಮಂಕಾಗುತ್ತಿದ್ದ. ಅರ್ಧ ನೀರು ಬಿಟ್ಟೆ. ಇಬ್ಬರಿಗೂ ಸರಿಹೋಗಲಿಲ್ಲ. ಒಂದು ದಿನ ಕರಿಯ ತೊಟ್ಟಿಯಿಂದ ಎದ್ದು, ಹಿತ್ತಲ ಬಾಗಿಲ ಹೊಸ್ತಿಲು ಹತ್ತಿ, ಸೀದಾ ಮಗ್ಗದ ಗುಂಡಿಗೆ ಬಿದ್ದ. ತಂಪು ಹುಡುಕಿಕೊಂಡು ಹೋಗಿದ್ದನೋ ಏನೋ. ಯಜಮಾನರು ಕಾಲಡಿಯಲ್ಲಿ ಏನೋ ಅಲುಗಿತೆಂದು ಕಿರುಚಿಕೊಂಡರು. ಅತ್ತೆ ದೇವರು ಮಗ್ಗಕ್ಕೇ ಬಂದ ಎಂದು ಊದುಬತ್ತಿ ಹಚ್ಚಿದರು. ಆಮೆ ಹೊಸ್ತಿಲು ದಾಟಿತಲ್ಲ ಎಂದು ನಾನು ಅಡುಗೆಮನೆಯಲ್ಲಿ ಕುಳಿತು ಕಣ್ಣೀರು ಹಾಕಿದೆ.

ಊಟದ್ದು ಇನ್ನೊಂದು ಗೋಳು. ನಮ್ಮ ಮನೆಯಲ್ಲಿ ಗಂಡ ಉಂಡೆದ್ದ ಎಲೆಯಲ್ಲೇ ಹೆಂಡತಿ ಉಣ್ಣಬೇಕು. ನಾನು ಹಾಗೇ ಉಣ್ಣುತ್ತಿದ್ದೆ. ಅತ್ತೆ ಅದೇ ನೇಮವನ್ನು ಆಮೆಗಳಿಗೂ ಹಾಕಿದರು. ಮುತ್ತುಗದೆಲೆಯ ಮೇಲೆ ಮೊದಲು ಕರಿಯನಿಗೆ. ನೂಲು ತೆಗೆದ ಮೇಲೆ ಗೂಡಿನೊಳಗೆ ಉಳಿಯುತ್ತದಲ್ಲ, ಆ ಬೆಂದ ರೇಷ್ಮೆಹುಳು ಅವನಿಗೆ ಪಂಚಪ್ರಾಣ. ಅವನು ಬಿಟ್ಟದ್ದನ್ನು ಅವಳು ತಿನ್ನಬೇಕು. ಅವಳು ಮೂಸಿ ಮುಖ ತಿರುಗಿಸುತ್ತಿದ್ದಳು.

"ಜಂಬ ನೋಡಮ್ಮಿ ಇವ್ಳಿಗೆ. ಗಂಡನ ಎಲೆ ಅಂದ್ರೆ ಅಸಯ್ಯ" ಎಂದು ಅತ್ತೆ ಆಮೆಗೆ ಬೈದರು. ಬೈಗುಳ ಆಮೆಗೋ ನನಗೋ ಎಂದು ತಿಳಿಯದೆ ನಾನು ಎದ್ದು ಹೋದೆ. ಅತ್ತೆ ಅತ್ತಿತ್ತ ಹೋದಾಗ ದಾಸವಾಳದ ಹೂವು, ಹೊನಗೊನ್ನೆ ಸೊಪ್ಪು, ಪಾಪಾಸುಕಳ್ಳಿಯ ಹಣ್ಣು ಕೊಟ್ಟು ನೋಡಿದೆ. ಬುಟ್ಟಾದವಳು ಬಾಯಿ ಕೆಂಪು ಮಾಡಿಕೊಂಡು ತಿಂದಳು.

ಮಳೆಗಾಲ ಕಳೆಯುವ ಹೊತ್ತಿಗೆ ಕರಿಯ ಅವಳ ಕಾಲು ಕಚ್ಚಿ ಗಾಯ ಮಾಡಿದ್ದ. "ಗಂಡುಸ್ರು ಒಂದೇಟು ಒಡಿಯದು ಇದ್ದದ್ದೇಯ" ಎಂದರು ಅತ್ತೆ. ಅವಳ ಮೂಗಿನಲ್ಲಿ ನೀರು ಗುಳ್ಳೆ ಬರುತ್ತಿತ್ತು, ಕಣ್ಣು ಊದಿ ಮುಚ್ಚಿಕೊಂಡಿದ್ದವು. ಇವಳು ಸತ್ತರೆ ಮೊಟ್ಟೆಯೂ ಇಲ್ಲ, ನನಗೆ ಈ ಮನೆಯಲ್ಲಿ ಜಾಗವೂ ಅರ್ಧ. ಬದುಕಿ ಮೊಟ್ಟೆಯಿಟ್ಟರೆ? ಆಮೆ ಮಾಡಿದ್ದನ್ನು ನೀನು ಯಾಕೆ ಮಾಡಲಿಲ್ಲ ಎಂದು ಕೇಳಿದರೆ ಏನು ಹೇಳಲಿ? ದೇವರ ಮುಂದೆ ನಿಂತರೆ ಏನು ಬೇಡಬೇಕೆಂದೇ ಗೊತ್ತಾಗುತ್ತಿರಲಿಲ್ಲ. ಸುಮ್ಮನೆ ದೀಪ ಹಚ್ಚಿ ಬರುತ್ತಿದ್ದೆ.

ಆಯುಧಪೂಜೆ ಆದ ಮಾರನೆಯ ದಿನ ನನಗೆ ತಡೆಯಲಾಗಲಿಲ್ಲ. ಅವಳನ್ನೆತ್ತಿ ಸೌದೆ ರಾಶಿಯ ಪಕ್ಕ ಒಣ ಮರಳು ಹಾಸಿ ಬಿಟ್ಟೆ. ಸುತ್ತ ಇಟ್ಟಿಗೆ ಕಟ್ಟಿದೆ.

"ಗಂಡ ಎಂಡ್ತೀನ ಬ್ಯಾರೆ ಮಾಡ್ದಾ? ಬುದ್ಧಿ ಅದಾ ನಿಂಗೆ?" ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಒಂದೇ ತೊಟ್ಟೀಲಿ ಇದ್ರೆ ಇದು ಸಾಯ್ತದ ಅತ್ತೆ! ಸತ್ತ ಮ್ಯಾಲೆ ಮೊಟ್ಟೆ ಎಲ್ಲಿಂದ ತತ್ತೀರಿ?"

ಅಷ್ಟು ಜೋರಾಗಿ ನಾನು ಆ ಮನೆಯಲ್ಲಿ ಎಂದೂ ಮಾತಾಡಿರಲಿಲ್ಲ. ಅತ್ತೆ ಒಳಗೆ ಹೋದರು. ಬುಟ್ಟಾದವಳು ದಿನ ಕಳೆದಂತೆ ಕಣ್ಣು ಬಿಟ್ಟಳು, ಸೊಪ್ಪಿಗೆ ಬಾಯಿ ಹಾಕಿದಳು. ಆದರೆ ಮೊಟ್ಟೆಯ ಸುಳಿವಿಲ್ಲ. ದೀಪಾವಳಿ ಹತ್ತಿರ ಬಂತು. ಮಗಳ ಜಾತಕ ತರುತ್ತೇನೆ ಎಂದು ಯಳಂದೂರಿನ ಮಾವನಿಂದ ಸುದ್ದಿಯೂ ಬಂತು.

ಅವರು ಬರುವ ದಿನ ಬೆಳಗ್ಗೆ ನಾನು ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದೆ. ಅತ್ತೆ ಕಾಲು ತೊಳೆಯಲು ಬಂದರು. ಒಗೆಯುವ ಕಲ್ಲಿನ ಪಕ್ಕದ ಹಸಿ ಮಣ್ಣಿನಲ್ಲಿ ಕರಿಯ ಹಿಂಗಾಲಿನಿಂದ ಗುಂಡಿ ತೋಡುತ್ತಿದ್ದ. ಇವನಿಗೆ ಏನು ಬಂತು ಎಂದು ಇಬ್ಬರೂ ಬಗ್ಗಿ ನೋಡಿದೆವು. ಗುಂಡಿಯೊಳಗೆ ಬೆಳ್ಳಗೆ, ಉದ್ದಕ್ಕೆ, ಒಂದು ಮೊಟ್ಟೆ ಬಿತ್ತು. ಅದರ ಹಿಂದೆಯೇ ಇನ್ನೊಂದು.

ಅತ್ತೆ ಚೊಂಬು ಕೆಳಗಿಟ್ಟು ಇನ್ನೂ ಬಗ್ಗಿದರು. "ಗಂಡು ಕಣಮ್ಮಿ ಅದು..." ಎಂದರು ಪಿಸುಗುಟ್ಟಿ.

ನನಗೆ ನಗು ಒತ್ತರಿಸಿ ಬಂತು. ಕಲ್ಲಿನ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುತ್ತಾ ನಗುತ್ತಾ ಅದು ಯಾವಾಗ ಅಳುವಾಯಿತೋ ತಿಳಿಯಲಿಲ್ಲ. ಅತ್ತೆ ನನ್ನನ್ನೂ ಆಮೆಯನ್ನೂ ನೋಡುತ್ತಾ ನಿಂತಿದ್ದರು.

ಅಷ್ಟರಲ್ಲಿ ಮಾವ ಬಂದರು. ವಿಷಯ ಕೇಳಿ, "ಇದು ಲೆಕ್ಕುಕ್ಕಿಲ್ಲ ಕಣಕ್ಕ. ಎಣ್ಣು ಮೊಟ್ಟೆ ಇಕ್ಕಿಲ್ವಲ್ಲ" ಎಂದರು.

"ಯಾವ್ದ್ಲಾ ಎಣ್ಣು? ಯಾವ್ದು ಗಂಡು? ನೀನೇ ಏಳ್ಲಾ" ಎಂದರು ಅತ್ತೆ.

ಮಾವ ಜೇಬಿನಲ್ಲಿದ್ದ ಜಾತಕದ ಮೇಲೆ ಕೈಯಿಟ್ಟುಕೊಂಡರು.

ಅತ್ತೆ ಸೌದೆ ರಾಶಿಯ ಹತ್ತಿರ ಹೋಗಿ ಬುಟ್ಟಾದವಳ ಮುಂದೆ ಕುಕ್ಕುರುಗಾಲಲ್ಲಿ ಕುಳಿತರು. "ಇದು ಬೇಲೀದು, ಅದು ಕೆರೇದು. ಅಂಚ್ಗೆ ಒಡಲು ಕೂಡ್ಸ್ದಂಗೆ ಕೂಡ್ಸಿದೋಳು ನಾನು. ಮೊಟ್ಟೆ ಇಕ್ನಿಲ್ಲ ಅಂತ ಬೋಯ್ತಿದ್ದದ್ದು ಮಾತ್ರ ಇದ್ನ" ಎಂದರು. ಆಮೇಲೆ ಮಗ್ಗದ ಕಡೆ ತಿರುಗಿದರು. ಅಲ್ಲಿ ಲಾಳಿಯ ಸದ್ದು ನಿಂತು ಹೋಗಿತ್ತು.

"ಮಗಾ, ನಾಳೀಕೆ ಇಬ್ರೂ ಮೈಸೂರ್ಗೋಗಿ ಡಾಕ್ಟ್ರಿಗೆ ತೋರುಸ್ಕಂಡು ಬನ್ನಿ."

"ನಾನ್ಯಾಕವ್ವ?"

"ಇಬ್ರೂ ಅಂದ್ನಲ್ಲ."

ಡಾಕ್ಟರು ಇಬ್ಬರಲ್ಲೂ ಏನೂ ತೊಂದರೆಯಿಲ್ಲ ಎಂದರು, ಅದು ಇನ್ನೊಂದು ಗೊಂದಲ. ತೊಟ್ಟಿಲು ನಮ್ಮ ಮನೆಯಲ್ಲಿ ತೂಗಲೇ ಇಲ್ಲ. ಆ ಮೊಟ್ಟೆಗಳೂ ಒಡೆಯಲಿಲ್ಲ. ಕರಿಯ, ಅಲ್ಲ ಕರಿಯಮ್ಮ, ಬಂದ ಗೋಣಿಚೀಲದಲ್ಲೇ ಯಳಂದೂರಿನ ಕೆರೆಗೆ ವಾಪಸು ಹೋದಳು. ಬುಟ್ಟಾದವಳನ್ನು ಯಜಮಾನರು ಶಾಗ್ಯದ ಬೇಲಿಯಲ್ಲಿ ಬಿಟ್ಟು ಬಂದರು. ಅವಳು ಹೆಣ್ಣೋ ಗಂಡೋ ನಮಗೆ ಕೊನೆಗೂ ತಿಳಿಯಲಿಲ್ಲ. ಯಳಂದೂರಿನ ಹುಡುಗಿ ಗುಂಡ್ಲುಪೇಟೆಗೆ ಮದುವೆಯಾಗಿ ಹೋದಳು, ಅವಳ ಧಾರೆ ಸೀರೆ ನೇಯ್ದದ್ದು ನಮ್ಮ ಮಗ್ಗದಲ್ಲೇ.

ಆದರೆ ನನಗೆ ಮತ್ತೆ ಮತ್ತೆ ನೆನಪಾಗುವುದು ಮೊಟ್ಟೆ ಬಿದ್ದ ಆ ದಿನದ ಮಧ್ಯಾಹ್ನ. ಮಾವ ಜಾತಕವನ್ನು ಜೇಬಿನಿಂದ ತೆಗೆಯದೆಯೇ ಊಟಕ್ಕೆ ಕುಳಿತಿದ್ದರು. ಪಕ್ಕದಲ್ಲಿ ಯಜಮಾನರು. ನಾನು ಎಂದಿನಂತೆ ಕಂಬಕ್ಕೊರಗಿ, ಅವರು ಉಂಡೇಳಲಿ ಎಂದು ಕಾಯುತ್ತಿದ್ದೆ. ಅತ್ತೆ ಇನ್ನೊಂದು ಎಲೆ ತಂದು ತೊಳೆದು ನನ್ನ ಮುಂದೆ ಹಾಸಿದರು. ಅದಕ್ಕೆ ಮುದ್ದೆ ಇಟ್ಟರು, ಸಾರು ಬಿಟ್ಟರು. ಇದು ಯಾರಿಗೆ ಎಂದು ನಾನು ಹಿಂದೆ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ.

"ಉಣ್ಣಮ್ಮಿ" ಎಂದರು ಅತ್ತೆ. "ಆರೋಯ್ತದ."