ಬೆನ್ನಿಗೊಂದು ಖೋ

ಎಡಿಸನ್‌ನಲ್ಲಿ ನಾವಿದ್ದ ಅಪಾರ್ಟ್‌ಮೆಂಟಿನ ಹಿಂದಿನ ಪಾರ್ಕಿಂಗ್ ಲಾಟ್ ಈಗಲೂ ಹಾಗೇ ಇದೆ. ನಾನೀಗ ಇರುವ ಈಸ್ಟ್ ಬ್ರನ್ಸ್‌ವಿಕ್‌ನಿಂದ ದಿನಸಿಗೆಂದು ಆ ಕಡೆ ಹೋದಾಗಲೆಲ್ಲ ಬೇಕಂತಲೇ ಒಂದು ಸಿಗ್ನಲ್ ಮೊದಲೇ ತಿರುಗಿ ಅದರ ಮುಂದೆ ಹಾದು ಬರುತ್ತೇನೆ. ಡಾಂಬರಿನಲ್ಲಿ ನೋಡುವಂಥದ್ದು ಏನಿದೆ ಅಂತ ನನ್ನ ಗಂಡ ಕೇಳುತ್ತಾನೆ. ಏನಿಲ್ಲ. ನಮ್ಮ ಅವ್ವ ಅಲ್ಲಿ ಒಂದು ಇಡೀ ಬೇಸಿಗೆ ನನ್ನ ಹಿಂದೆ ಓಡಿದ್ದಳು, ಅಷ್ಟೇ. ಅವಳು ತೀರಿಕೊಂಡ ಮೇಲೆ ಆ ಡಾಂಬರನ್ನು ನೋಡಬೇಕು ಅನ್ನಿಸುವುದು ಹೆಚ್ಚಾಗಿದೆ.

ಅದು ಎಲ್ಲರಿಗೂ ವೈ ಟು ಕೆ ಭೂತ ಹಿಡಿದಿದ್ದ ಕಾಲ. ಎರಡು ಸಾವಿರನೇ ಇಸವಿ ಬಂದರೆ ಜಗತ್ತಿನ ಕಂಪ್ಯೂಟರುಗಳಿಗೆಲ್ಲ ತಲೆ ಕೆಡುತ್ತದೆ ಎಂದು ಹೆದರಿ ಅಮೆರಿಕ ನಮ್ಮ ಅಪ್ಪನಂಥವರನ್ನು ಕರೆಸಿಕೊಂಡಿತ್ತು. ಅಪ್ಪನಿಗೆ ಶನಿವಾರವೂ ಆಫೀಸು, ಭಾನುವಾರವೂ ಆಫೀಸು. ಅವ್ವನದು ಎಚ್-ಫೋರ್ ವೀಸಾ. ಅಂದರೆ ಗಂಡನ ಜೊತೆ ಇರಬಹುದು, ಉಣ್ಣಬಹುದು, ಉಡಬಹುದು, ಕೆಲಸ ಮಾತ್ರ ಮಾಡುವ ಹಾಗಿಲ್ಲ. ಧಾರವಾಡದಲ್ಲಿ ಯೂನಿವರ್ಸಿಟಿ ತಂಡಕ್ಕೆ ಖೋ ಖೋ ಆಡಿದವಳು, ಆಮೇಲೆ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿ ಸೀಟಿ ಊದುತ್ತಿದ್ದವಳು, ಇಲ್ಲಿ ಬಂದು ಮೂರನೇ ಮಹಡಿಯಲ್ಲಿ ಕೂತಳು. ಜೋಳದ ರೊಟ್ಟಿ ಬಡಿದರೆ ಕೆಳಗಿನ ಮನೆಯವರು ಕಂಪ್ಲೇಂಟ್ ಮಾಡುತ್ತಾರೆಂದು ಅದನ್ನೂ ಮೆತ್ತಗೆ ಬಡಿಯುತ್ತಿದ್ದಳು. ಮೆತ್ತಗೆ ಬಡಿದ ರೊಟ್ಟಿ ಉಬ್ಬುತ್ತಿರಲಿಲ್ಲ. ಆ ಸಿಟ್ಟು ನನ್ನ ಮೇಲೆ ಬರುತ್ತಿತ್ತು.

ನನಗೆ ನ್ಯೂ ಯಾರ್ಕ್ ರಾಜ್ಯದ ಉತ್ತರದ ಕಡೆಗಿನ ಒಂದು ಸಣ್ಣ ಕಾಲೇಜಿನಲ್ಲಿ ಸೀಟು ಸಿಕ್ಕಿತು. ನೋಡಲು ಹೋದ ದಿನ ಅಲ್ಲಿನ ನಾರ್ಡಿಕ್ ಸ್ಕೀ ತಂಡದ ಕೋಚ್ ಎದುರಾದಳು. ಗುಡ್ಡದ ತುದಿಯಿಂದ ಜಾರಿ ಇಳಿಯುವ ಸ್ಕೀ ಅಲ್ಲ ಅದು. ಸಪಾಟಿನಲ್ಲೂ ಏರಿನಲ್ಲೂ ಸ್ವಂತ ಕಾಲಿನ ಬಲದ ಮೇಲೆ ಹಿಮದಲ್ಲಿ ಮೈಲಿಗಟ್ಟಲೆ ಹೋಗುವುದು. ನಾನು ಹೈಸ್ಕೂಲಿನಲ್ಲಿ ಓಡುತ್ತಿದ್ದೆ ಎಂದು ತಿಳಿದು ಅವಳು ಒಂದು ಜೊತೆ ರೋಲರ್ ಸ್ಕೀ ಕೊಟ್ಟು ಕಳಿಸಿದಳು. ಎರಡಡಿ ಉದ್ದದ ಪಟ್ಟಿ, ಹಿಂದೊಂದು ಮುಂದೊಂದು ಗಾಲಿ, ಎರಡೂ ಕೈಗೆ ಕೋಲು. ಬ್ರೇಕ್ ಇಲ್ಲ. ಬೇಸಿಗೆಯೆಲ್ಲ ಇದರ ಮೇಲೆ ಅಭ್ಯಾಸ ಮಾಡು, ಅಕ್ಟೋಬರಿನಲ್ಲಿ ಹೊಸಬರಿಗೆ ಒಂದು ರಿಲೇ ಇಡುತ್ತೇನೆ, ಅದರಲ್ಲಿ ಮುಂದೆ ಬಂದವರು ತಂಡದಲ್ಲಿ, ಉಳಿದವರು ಮುಂದಿನ ವರ್ಷ ನೋಡೋಣ ಎಂದಳು.

ನಾನು ಹಿಮವನ್ನು ಕಾರಿನ ಮೇಲಿಂದ ಕೆರೆದು ಗೊತ್ತೇ ಹೊರತು ಅದರ ಮೇಲೆ ನಡೆದು ಸಹ ಸರಿಯಾಗಿ ಗೊತ್ತಿರಲಿಲ್ಲ. ಆದರೂ ಆ ತಂಡ ಬೇಕು ಅನ್ನಿಸಿತು. ಯಾಕೆ ಅಂದರೆ ಹೇಳಲು ಬರುವುದಿಲ್ಲ. ಹೈಸ್ಕೂಲಿನಲ್ಲಿ ನಾನು ಯಾವ ಗುಂಪಿಗೂ ಸೇರಿದವಳಲ್ಲ. ಊಟದ ಟೇಬಲ್ಲಿನಲ್ಲಿ ನನಗಾಗಿ ಜಾಗ ಹಿಡಿದಿಡುವವರು ಯಾರಾದರೂ ಇರಲಿ ಅನ್ನುವುದಷ್ಟೇ ನನ್ನ ಆಸೆ. ಅವ್ವನಿಗೆ ನಾನು ಈ ತಂಡ ಸೇರುವುದು ನನಗಿಂತ ಹೆಚ್ಚು ಬೇಕಾಗಿತ್ತು. ಅದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ, ಮಾರನೇ ದಿನವೇ ಬೂಟು ಕಟ್ಟಿ ಕೆಳಗಿಳಿದಳು.

ಅಪ್ಪನಂಥವರ ಕಾರುಗಳೆಲ್ಲ ಆಫೀಸಿಗೆ ಹೋಗಿ ಸಾಲು ಖಾಲಿಯಾದ ಮೇಲೆ ಲಾಟ್ ನಮ್ಮದು. ಅವ್ವನಿಗೆ ಸ್ಕೀ ಅಂದರೆ ಏನೆಂದೇ ಗೊತ್ತಿಲ್ಲ. ಗೊತ್ತಿದ್ದುದು ಖೋ ಖೋ, ಅದನ್ನೇ ಕಲಿಸಿದಳು.

“ಬಗ್ಗು. ಇನ್ನೊಂದೀಟು ಬಗ್ಗು. ಸೆಟೆದು ನಿಂತಾಕಿ ಜಲ್ದಿ ಔಟ್ ಆಗ್ತಾಳ.”

“ಅವ್ವಾ, ಇಲ್ಲಿ ಯಾರೂ ಔಟ್ ಮಾಡಲ್ಲ.”

“ಮಾಡವಲ್ರ್ಯಾಕ. ನೀ ಬಗ್ಗು.”

ಡಾಂಬರು ಬಿರುಕು ಬಿಟ್ಟಿದೆ, ಗಾಲಿ ಸಿಕ್ಕಿಕೊಳ್ಳುತ್ತದೆ ಎಂದರೆ, “ಕುಣಿಯಾಕ ಬಾರದಾಕಿ ಅಂಗಳ ಡೊಂಕ ಅಂದಳಂತ,” ಅನ್ನುತ್ತಿದ್ದಳು. ನಾನು ನಿಧಾನವಾದರೆ ಹಿಂದಿನಿಂದ ಓಡಿ ಬಂದು ಬೆನ್ನಿಗೆ ಪಟ್ಟನೆ ಬಾರಿಸಿ “ಖೋ!” ಎನ್ನುತ್ತಿದ್ದಳು. ನಾನು ಚಿಮ್ಮಬೇಕು. ಖೋ ಖೋದಲ್ಲಿ ಹಾಗೆಯೇ. ಎಂಟು ಮಂದಿ ಸಾಲಾಗಿ ಕೂತಿರುತ್ತಾರೆ, ಒಬ್ಬಳು ಬೆನ್ನಟ್ಟುತ್ತಾಳೆ. ದಣಿದಾಗ ಕೂತವಳ ಬೆನ್ನು ತಟ್ಟಿ ಖೋ ಎನ್ನುತ್ತಾಳೆ. ಕೂತವಳು ಎದ್ದು ಓಡುತ್ತಾಳೆ, ಖೋ ಕೊಟ್ಟವಳು ಆ ಜಾಗದಲ್ಲೇ ಕೂತುಬಿಡಬೇಕು. ಇದನ್ನೂ ಅವ್ವ ಬಿಡಲಿಲ್ಲ. ಕೆಲವು ಸುತ್ತು ನಾನು ಅವಳ ಬೆನ್ನು ತಟ್ಟಬೇಕು, ಅವಳು ಓಡಬೇಕು, ನಾನು ರೋಲರ್ ಸ್ಕೀ ಸಮೇತ ಕುಕ್ಕರಗಾಲಿನಲ್ಲಿ ಕೂತು ಕಾಯಬೇಕು. ತೊಡೆಗೆ ಬಲ ಬರುತ್ತದಂತೆ. “ಖೋ ಕೊಟ್ಟಾಕಿ ಕೂಡಬೇಕು, ಅದು ಆಟದ ಧರ್ಮ,” ಅನ್ನುತ್ತಿದ್ದಳು. ಕೂಡುವುದು ಎಷ್ಟು ಅಭ್ಯಾಸವಾಯಿತೆಂದರೆ ಕೈ ತಟ್ಟಿದ ಕೂಡಲೇ ಮೊಣಕಾಲು ತಾನಾಗಿ ಮಡಚುತ್ತಿತ್ತು.

ಸಂಜೆ ವಾಕಿಂಗ್ ಬರುವ ಮೈಸೂರು ಕಡೆಯ ಆಂಟಿಯೊಬ್ಬರಿಗೆ ನಮ್ಮನ್ನು ನೋಡಿ ತಡೆಯಲಾಗುತ್ತಿರಲಿಲ್ಲ.

“ಯಾಕ್ರೀ ಮಗೂನ ಹೀಗೆ ಗೋಳು ಹುಯ್ಕೊಳ್ತೀರ? ಜೂನ್ ತಿಂಗಳಲ್ಲಿ ಸ್ನೋ ಎಲ್ಲಿದೆ ಸ್ಕೀ ಮಾಡೋಕೆ?”

“ಬರ್ತದ್ರೀ ಸ್ನೋ. ಅದು ಬರೂದರಾಗ ಕಾಲು ಬರಬೇಕಲ್ಲ,” ಅಂದಳು ಅವ್ವ, ಏದುಸಿರು ಬಿಡುತ್ತ. ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು ಕಟ್ಟಿದ್ದಳು. ಆ ಮುಖದ ಬೆವರು ನನಗಿನ್ನೂ ಕಣ್ಣ ಮುಂದಿದೆ. ಎಡಿಸನ್‌ಗೆ ಬಂದ ಮೇಲೆ ಅವಳು ಅಷ್ಟು ಚೆಂದ ಕಂಡಿದ್ದು ಆ ಬೇಸಿಗೆಯಲ್ಲಿ ಮಾತ್ರ.

ಆಗಸ್ಟ್ ಕೊನೆಗೆ ಕಾಲೇಜು ಸೇರಿದೆ. ತಂಡ ಸೇರಲು ಬಂದ ಹೊಸಬರು ಒಂಬತ್ತು ಜನ. ಉಳಿದವರೆಲ್ಲ ವರ್ಮಾಂಟ್, ಮೇನ್ ಕಡೆಯವರು, ನಡೆಯುವ ಮೊದಲೇ ಸ್ಕೀ ಕಟ್ಟಿಸಿಕೊಂಡವರು, ಒಬ್ಬರಿಗೊಬ್ಬರು ಯಾವುದೋ ರೇಸುಗಳಲ್ಲಿ ಪರಿಚಯ. ಬೇಸಿಗೆಯಲ್ಲಿ ಯಾರು ಎಲ್ಲಿ ಅಭ್ಯಾಸ ಮಾಡಿದಿರಿ ಎಂದು ಮಾತು ಬಂತು. ಒಬ್ಬಳು ಬೆಟ್ಟದ ಹೆಸರು ಹೇಳಿದಳು, ಒಬ್ಬಳು ಕೆರೆಯ ಸುತ್ತ ಎಂದಳು. ನಾನು ಪಾರ್ಕಿಂಗ್ ಲಾಟ್ ಎಂದೆ. ನಕ್ಕರು. ಕೆಟ್ಟ ನಗುವಲ್ಲ, ಆದರೂ ನಾನು ಆ ದಿನ ಊಟದ ತಟ್ಟೆ ಹಿಡಿದು ಕೊನೆಯ ಟೇಬಲ್ಲಿಗೆ ಹೋಗಿ ಒಬ್ಬಳೇ ಕೂತೆ. ದಿನಾ ಅಭ್ಯಾಸಕ್ಕೆ ನಿಂತಾಗ ಬೆನ್ನು ಖಾಲಿ ಖಾಲಿ ಅನ್ನಿಸುತ್ತಿತ್ತು. ಅವ್ವ ಬೇಕು ಅನ್ನಿಸುತ್ತಿತ್ತು. ಹದಿನೆಂಟು ವರ್ಷದವಳು ಹಾಗೆಲ್ಲ ಹೇಳುವ ಹಾಗಿರಲಿಲ್ಲ, ಹೇಳಲಿಲ್ಲ.

ರಿಲೇ ಇಟ್ಟದ್ದು ತಂದೆತಾಯಿಯರು ಬರುವ ವಾರಾಂತ್ಯದಲ್ಲಿ. ಅಪ್ಪ ಬರಬೇಕಿತ್ತು, ಆಫೀಸಿನಲ್ಲಿ ಏನೋ ಕೆಟ್ಟು ಕೂತಿತ್ತು. ಇಂಡಿಯನ್ ಅಂಗಡಿಯಿಂದಾಚೆ ಎಂದೂ ಒಬ್ಬಳೇ ಡ್ರೈವ್ ಮಾಡದ ಅವ್ವ ಥ್ರೂವೇ ಹೆದ್ದಾರಿ ಹಿಡಿದು ತಾನೇ ಬಂದಳು. ಕಾರಿನಿಂದ ಇಳಿದಾಗ ಸ್ಟೀರಿಂಗ್ ಹಿಡಿದ ಬೆರಳುಗಳು ಇನ್ನೂ ಮಡಚಿಕೊಂಡೇ ಇದ್ದವು. ಕೈಯಲ್ಲಿ ಶೇಂಗಾ ಹೋಳಿಗೆಯ ಡಬ್ಬಿ. ಉಳಿದ ತಂದೆತಾಯಿಯರ ನಡುವೆ, ಕೆಂಪಾದ ಮೇಪಲ್ ಮರದ ಕೆಳಗೆ, ಸ್ವೆಟರಿನ ಮೇಲೆ ಸೀರೆ ಸೆರಗು ಹೊದ್ದು ನಿಂತಳು.

ಕಾಲೇಜಿನ ಹಿಂದಿನ ಏರು ರಸ್ತೆಯಲ್ಲಿ ರೋಲರ್ ಸ್ಕೀ ಮೇಲೆ ಓಟ. ಮೂವರದೊಂದು ಗುಂಪು, ಮೂರು ಗುಂಪು. ಮೊದಲ ಎರಡು ಗುಂಪು ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ರಜೆಯ ಹೊತ್ತಿಗೆ ತಂಡದ ಜೊತೆ ಕೆನಡಾದ ಹಿಮಕ್ಕೆ ಹೋಗುತ್ತವೆ, ಮೂರನೆಯದು ಉಳಿಯುತ್ತದೆ. ಸ್ಕೀ ರಿಲೇಯಲ್ಲಿ, ಓಟದ ರಿಲೇಯ ಹಾಗೆ, ಬೇಟನ್ ಕೈಬದಲಾಯಿಸುವುದಿಲ್ಲ. ಬಂದವಳು ಮುಂದಿನವಳ ಮೈಮುಟ್ಟಿದರೆ ಸಾಕು, ಅವಳು ಹೊರಡುತ್ತಾಳೆ. ಕೋಚ್ ಇದನ್ನು ವಿವರಿಸಿದಾಗ ನನಗೆ ಏನೋ ನೆನಪಾಗಬೇಕಿತ್ತು. ಆಗಲಿಲ್ಲ.

ನಾನು ಎರಡನೆಯವಳು. ಏರಿನಲ್ಲಿ ಬಗ್ಗಿ, ಇನ್ನೊಂದೀಟು ಬಗ್ಗಿ, ಒಬ್ಬಳನ್ನು ಹಿಂದೆ ಹಾಕಿದೆ. ಮೇಲೆ ನಮ್ಮ ಗುಂಪಿನ ವರ್ಮಾಂಟ್ ಹುಡುಗಿ ಬೆನ್ನು ಕೊಟ್ಟು ನಿಂತಿದ್ದಳು. ಪಟ್ಟನೆ ಬಾರಿಸಿದೆ. “ಖೋ!” ಎಂದೆ. ಅವಳು ಬೆಚ್ಚಿಬಿದ್ದು ಓಡಿದಳು. ನಾನು ಅಲ್ಲೇ, ನಟ್ಟನಡು ರಸ್ತೆಯಲ್ಲಿ, ಕುಕ್ಕರಗಾಲಿನಲ್ಲಿ ಕೂತುಬಿಟ್ಟೆ.

ಹಿಂದೆ ಬರುತ್ತಿದ್ದವಳು ನನ್ನನ್ನು ತಪ್ಪಿಸಲು ಹೋಗಿ ಹುಲ್ಲಿಗೆ ಬಿದ್ದಳು. ಕೋಚ್ ಸೀಟಿ ಊದಿ ಎಲ್ಲವನ್ನೂ ನಿಲ್ಲಿಸಿದಳು. ಪೆಟ್ಟೇನೂ ಆಗಿರಲಿಲ್ಲ. ಆದರೆ ಬಿದ್ದವಳ ಅಪ್ಪ, ಇದು ದಾರಿಗೆ ಅಡ್ಡ ಬಂದಂತೆ, ಆ ಗುಂಪನ್ನು ತೆಗೆದುಹಾಕಬೇಕು ಎಂದ. ಹೇಳಿದ್ದು ನ್ಯಾಯವೇ. ಯಾಕೆ ಕೂತೆ ಎಂದು ಕೋಚ್ ಕೇಳಿದಳು. ನನ್ನ ಜೊತೆ ಇನ್ನಿಬ್ಬರ ಅವಕಾಶವೂ ಹೋಯಿತು ಅನ್ನಿಸಿ ಕಣ್ಣು ತುಂಬಿತು.

ಅವ್ವ ಸೆರಗು ಸರಿಮಾಡಿಕೊಂಡು ರಸ್ತೆಗೆ ಇಳಿದಳು. ಅವಳ ಇಂಗ್ಲಿಷ್ ಅಂಗಡಿಯಲ್ಲೂ ತಡವರಿಸುತ್ತಿತ್ತು. ಅವತ್ತು ಒಂದೊಂದೇ ಮಾತು ಹುಡುಕಿ, ನಮ್ಮ ಆಟದಲ್ಲಿ ಮುಟ್ಟಿದವಳು ಕೂಡಬೇಕು, ನಾನೇ ಕಲಿಸಿದ್ದು, ತಪ್ಪು ನನ್ನದು ಎಂದಳು. ಯಾವ ಆಟ ಎಂದು ಕೋಚ್ ಕೇಳಿದಳು. ಅವ್ವ ಹೇಳುವ ಬದಲು, ಆ ರಸ್ತೆಯ ಮೇಲೆ, ಆ ಸೀರೆಯಲ್ಲೇ, ಕುಕ್ಕರಗಾಲಿನಲ್ಲಿ ಕೂತು ತೋರಿಸಿದಳು. ಕೋಚ್ ಅವಳ ಪಾದವನ್ನೂ ಮೊಣಕಾಲನ್ನೂ ನೋಡಿದಳು, ನನ್ನನ್ನು ನೋಡಿದಳು. ಹಾಗಾದರೆ ಇವಳು ಏರಿನಲ್ಲಿ ಅಷ್ಟು ಬಗ್ಗುವುದನ್ನು ಕಲಿಸಿದ್ದೂ ನೀವೇ ಎಂದಳು. ಅವ್ವ ತಲೆ ಆಡಿಸಿದಳು. ಸ್ವಲ್ಪ ಹೊತ್ತು ಸುಧಾರಿಸಿಕೊಂಡು ಮೂರೂ ಗುಂಪು ಮೊದಲಿನಿಂದ ಓಡಲಿ ಎಂದು ಕೋಚ್ ತೀರ್ಮಾನ ಕೊಟ್ಟಳು.

ಎರಡನೇ ಸಲ ಏರು ಹತ್ತಿ ವರ್ಮಾಂಟ್ ಹುಡುಗಿಯ ಬೆನ್ನಿಗೆ ಬಾರಿಸಿದೆ. ಖೋ ಎಂದು ಬಾಯಿಗೆ ಬಂದೇ ಬಂತು. ಮೊಣಕಾಲು ಮಡಚತೊಡಗಿತ್ತು. ಮೇಪಲ್ ಮರದ ಕಡೆಯಿಂದ, ಆ ಗುಡ್ಡವೆಲ್ಲ ಕೇಳುವ ಹಾಗೆ, ಪಿ.ಟಿ. ಟೀಚರ್ ಗಂಟಲು ಬಂತು.

“ಕೂಡಬ್ಯಾಡ! ಇಲ್ಲಿ ಕೂಡೂದಿಲ್ಲ, ನಿಂದರು!”

ನಿಂತೆ. ನಮ್ಮ ಗುಂಪು ಎರಡನೆಯದಾಗಿ ಬಂತು. ವರ್ಮಾಂಟ್ ಹುಡುಗಿ ನನ್ನನ್ನು ತಬ್ಬಿಕೊಂಡು, ಬೆನ್ನು ಉರಿಯುತ್ತಿದೆ, ಅದೇನು ಶಬ್ದ ಎಂದು ಕೇಳಿದಳು. ಮಧ್ಯಾಹ್ನದ ಊಟಕ್ಕೆ ಅವಳೇ ನನಗೆ ಜಾಗ ಹಿಡಿದಳು. ಹೋಳಿಗೆ ಎಲ್ಲರ ಕೈಗೂ ಬಂದು ಖಾಲಿಯಾಯಿತು. ಆ ಚಳಿಗಾಲ ನಮ್ಮ ತಂಡದಲ್ಲಿ ಎಲ್ಲರೂ ಖೋ ಎಂದೇ ಬೆನ್ನು ತಟ್ಟಿದರು.

ಬೆಳಕಿರುವಾಗಲೇ ಮನೆ ಮುಟ್ಟಬೇಕೆಂದು ಅವ್ವ ಬೇಗ ಹೊರಟಳು. ಪಾರ್ಕಿಂಗ್ ಲಾಟಿನವರೆಗೆ ಜೊತೆಗೆ ಹೋದೆ. ಇನ್ನು ನೀನು ಮನೆಯಲ್ಲಿ ಏನು ಮಾಡುತ್ತೀ ಎಂದು ಕೇಳಿದೆ. “ಏನ ಮಾಡೂದೈತಿ. ಕೂಡೂದು,” ಅಂದು ಕಾರಿನ ಕಡೆ ತಿರುಗಿದಳು. ಆ ಬೆನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಕೈಯೆತ್ತಿ ಪಟ್ಟನೆ ಬಾರಿಸಿ ಖೋ ಎಂದೆ.

ಅವ್ವ ಕೈಚೀಲವನ್ನು ಕಾರಿನ ಮೇಲಿಟ್ಟು, ನೆರಿಗೆ ಎತ್ತಿ ಸಿಕ್ಕಿಸಿ, ಓಡಿದಳು. ಸಾಲಾಗಿ ನಿಂತ ಕಾರುಗಳ ನಡುವೆ, ಒಂದರ ಎಡಕ್ಕೆ ಇನ್ನೊಂದರ ಬಲಕ್ಕೆ, ಲಾಟಿನ ತುದಿಯ ದೀಪದ ಕಂಬದವರೆಗೆ. ಯಾರ ಯಾರದೋ ತಂದೆತಾಯಿಯರು ಬಾಗಿಲು ತೆರೆದು ಹಿಡಿದು ನೋಡುತ್ತಿದ್ದರು. ಇದು ನಮ್ಮ ಆಟ, ಹಾಗಾಗಿ ನಾನು ಕೂತೆ. ಕಂಬ ಸುತ್ತಿ ಬಂದು ಅವಳು ಹಿಂದಿನಿಂದ ನನ್ನ ಬೆನ್ನಿಗೆ ಬಾರಿಸಿದಳು. ಇಬ್ಬರೂ ನಗುತ್ತಿದ್ದೆವು, ಅವಳ ಕಣ್ಣಲ್ಲಿ ನೀರಿತ್ತು.

ಆಮೇಲೆ ಗ್ರೀನ್ ಕಾರ್ಡ್ ಬಂತು, ಅವ್ವ ಕೆಲಸ ಮಾಡಬಹುದಾಯಿತು, ಆದರೆ ಅಷ್ಟರಲ್ಲಿ ಅವಳ ಮೊಣಕಾಲು ಹೋಗಿತ್ತು. ಈಗ ಅವಳೇ ಇಲ್ಲ. ಒಳ್ಳೆಯ ಹಿಮ ಬಿದ್ದ ಬೆಳಿಗ್ಗೆ ನಾನು ಹತ್ತಿರದ ಪಾರ್ಕಿಗೆ ಹೋಗಿ ಸ್ಕೀ ಕಟ್ಟಿಕೊಂಡು ಬಗ್ಗಿ ನಿಲ್ಲುತ್ತೇನೆ. ಖೋ ಹಿಂದಿನಿಂದ ಬರುವಂಥದ್ದು, ತಿರುಗಿ ನೋಡಬಾರದು. ಸ್ವಲ್ಪ ಹೊತ್ತು ಹಾಗೇ ಕಾಯುತ್ತೇನೆ. ಆಮೇಲೆ ನಾನೇ ಹೊರಡುತ್ತೇನೆ.